ಕೇಳಿದವರಿಗೆ ಹೇಳಿ, ಕೇಳದವರಿಗಾಗಿ ಬರೆದಿಟ್ಟವರು: ಕನಕಗಿರಿಯ ದೇವಚಂದ್ರ ಕವಿ

ಕನ್ನಡ ಜೈನ ಸಾಹಿತ್ಯ ಎಂದೊಡನೆ ನಮ್ಮ ಬಾಯಿಗೆ ಬರುವ ಹೆಸರುಗಳು ಪಂಪ, ಪೊನ್ನ, ರನ್ನ. ಆ ಸಾಲು ಆರಂಭವಾದದ್ದು 10ನೆಯ ಶತಮಾನದಲ್ಲಿ. ಅದೇ ಸಾಲಿನ ಇನ್ನೊಂದು ತುದಿಯಲ್ಲಿ ನಿಂತವರು ದೇವಚಂದ್ರ ಕವಿ. ಅವರು ಬದುಕಿದ್ದು 1770ರಿಂದ 1841ರವರೆಗೆ. ಹಳೆಯ ಪದ್ಧತಿಯಲ್ಲಿ ಓಲೆ ಹಿಡಿದು ಬರೆದ ಕೊನೆಯ ಜೈನ ಕವಿಗಳಲ್ಲಿ ಅವರೂ ಒಬ್ಬರು. ಅವರು ಬರೆದ ‘ರಾಜಾವಳೀಕಥೆ’ಯ ಹೆಸರು ಕೇಳದ ಇತಿಹಾಸ ವಿದ್ಯಾರ್ಥಿ ಕರ್ನಾಟಕದಲ್ಲಿ ಅಪರೂಪ. ಆದರೆ ಅದನ್ನು ಬರೆದವರು ಚಾಮರಾಜನಗರ ಸೀಮೆಯ ಒಬ್ಬ ಹಳ್ಳಿಯ ಪಂಡಿತರು, ಒಬ್ಬ ಪರಸ್ಥಳದವನು ಬಂದು ಕೇಳಿದ ಪ್ರಶ್ನೆಯಿಂದ ಆ ಗ್ರಂಥದ ಕೆಲಸ ಆರಂಭವಾಯಿತು ಎಂಬ ಸಂಗತಿ ನಮ್ಮ ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಊರಿನ ಗ್ರಂಥಾಲಯಗಳಲ್ಲಿ ಉಪನ್ಯಾಸ, ಪುಸ್ತಕ ಚರ್ಚೆ, ಹಿರಿಯರೊಂದಿಗೆ ಮಾತುಕತೆ ಏರ್ಪಡಿಸಬೇಕು ಎನ್ನುವವರು ಮೊದಲು ಕೇಳುವ ಪ್ರಶ್ನೆ, ಯಾವ ವಿಷಯ ಇಟ್ಟುಕೊಳ್ಳುವುದು ಎಂದು. ಬೇಗೂರು, ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರದ ಕಡೆಯವರು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದೇವಚಂದ್ರರ ಜೀವನವೇ ಸಾಕು.

ಮಲೆಯೂರು ಎಂಬ ಕನಕಗಿರಿ

ಚಾಮರಾಜನಗರ ತಾಲ್ಲೂಕಿನ ಮಲೆಯೂರು ಜೈನರಿಗೆ ಕನಕಗಿರಿ. ಬೆಟ್ಟದ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿ ಇದೆ. ಬಂಡೆಗಳ ಮೇಲೆ ಶಾಸನಗಳಿವೆ. ಜೈನೇಂದ್ರ ವ್ಯಾಕರಣವನ್ನೂ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನೂ ರಚಿಸಿದ ಪೂಜ್ಯಪಾದ ಆಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆ ಶತಮಾನಗಳಿಂದ ನಡೆದುಬಂದಿದೆ. ಅವರ ಸೋದರಳಿಯ ನಾಗಾರ್ಜುನ ಸಿದ್ಧರಸದ ಬೆನ್ನು ಹತ್ತಿದ ಕಥೆಯೂ ಈ ಪರಂಪರೆಗೆ ಸೇರಿದ್ದು.

ಇಂಥ ಊರಿನಲ್ಲಿ ಲೆಕ್ಕಪತ್ರ ಬರೆಯುವ ಕರಣಿಕರ ಮನೆತನದಲ್ಲಿ ದೇವಚಂದ್ರರು ಹುಟ್ಟಿದರು. ತಂದೆಯ ಹೆಸರು ದೇವಪ್ಪ. ಬರಹ ಆ ಮನೆಗೆ ಹೊಸದಲ್ಲ. ಅಣ್ಣ ಪದ್ಮರಾಜರೂ ಕವಿ; 1792ರಲ್ಲಿ ‘ಪೂಜ್ಯಪಾದ ಚರಿತೆ’ಯನ್ನು ಬರೆದರು. ತಮ್ಮೂರ ಬೆಟ್ಟದ ಆಚಾರ್ಯರ ಕಥೆಯನ್ನೇ ಅಣ್ಣ ಕಾವ್ಯ ಮಾಡುತ್ತಿದ್ದಾಗ ತಮ್ಮನಿಗೆ ಇಪ್ಪತ್ತೆರಡರ ಪ್ರಾಯ. ಲೆಕ್ಕದ ಕಡತದ ಶಿಸ್ತು ಒಂದು ಕಡೆ, ಬಸದಿಯ ಓಲೆಗಟ್ಟುಗಳ ಕಥೆ ಇನ್ನೊಂದು ಕಡೆ. ಮುಂದೆ ದೇವಚಂದ್ರರ ಬರಹದಲ್ಲಿ ಇವೆರಡೂ ಸೇರಿಕೊಂಡದ್ದು ಕಾಣುತ್ತದೆ. ರಾಜರ ಸಾಲು, ಗುರುಗಳ ಸಾಲು, ಕವಿಗಳ ಸಾಲು ಎಂದು ಪಟ್ಟಿ ಹಿಡಿದು ಹೊರಡುತ್ತಾರೆ; ನಡುವೆ ಒಂದು ಒಳ್ಳೆಯ ಕಥೆ ಸಿಕ್ಕರೆ ಅದನ್ನು ಬಿಡುವುದಿಲ್ಲ.

ಅವರು ಬೆಳೆದ ಕಾಲ ನೆಮ್ಮದಿಯದಾಗಿರಲಿಲ್ಲ. ಹೈದರನ ಆಳ್ವಿಕೆ, ಟಿಪ್ಪುವಿನ ಆಳ್ವಿಕೆ, ಮೇಲಿಂದ ಮೇಲೆ ಯುದ್ಧ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಎಳೆಯ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಗದ್ದುಗೆ ಏರಿದಾಗ ದೇವಚಂದ್ರರಿಗೆ ಇಪ್ಪತ್ತೊಂಬತ್ತು ವರ್ಷ. ಇಂದಿನ ಚಾಮರಾಜನಗರಕ್ಕೆ ಆಗಿನ ಹೆಸರು ಅರಿಕುಠಾರ. ಗಂಗರ, ಹೊಯ್ಸಳರ ಕಾಲದ ಹಾಗೆ ಜೈನ ಕವಿಯನ್ನು ಕರೆದು ಆದರಿಸುವ ಸಾಮಂತರಾಗಲಿ ದಂಡನಾಯಕರಾಗಲಿ ಉಳಿದಿರಲಿಲ್ಲ. ಓಲೆಗಳು ಮನೆಗಳಲ್ಲಿಯೂ ಮಠಗಳಲ್ಲಿಯೂ ಇದ್ದವು. ಅವುಗಳನ್ನು ಬಿಚ್ಚಿ ಓದಿ ಅರ್ಥ ಹೇಳುವವರು ಕಡಿಮೆಯಾಗುತ್ತಿದ್ದರು.

1804ರ ಪ್ರಶ್ನೆ

ಯುದ್ಧ ಮುಗಿದ ಮೇಲೆ ಕಂಪನಿ ಸರಕಾರ ಮೈಸೂರು ಸೀಮೆಯನ್ನು ಅಳೆಯಲು ಕರ್ನಲ್ ಕಾಲಿನ್ ಮೆಕೆಂಜಿಯವರನ್ನು ನೇಮಿಸಿತು. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಹುಟ್ಟಿದ ಮೆಕೆಂಜಿ, ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವರು. ಅವರಿಗೆ ವಹಿಸಿದ್ದ ಕೆಲಸ ನೆಲದ ಅಳತೆ ಮತ್ತು ನಕ್ಷೆ. ಆದರೆ ಅವರು ಹೋದ ಊರಿನಲ್ಲೆಲ್ಲ ಹಳೆಯ ಕಥೆ, ಶಾಸನ, ನಾಣ್ಯ, ಓಲೆಗ್ರಂಥಗಳನ್ನು ಕೂಡಿಸಿದರು.

ಮೆಕೆಂಜಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಹಾಗಾಗಿ ಇಡೀ ಕೆಲಸ ಇಲ್ಲಿನವರ ಮೇಲೆಯೇ ನಿಂತಿತ್ತು. ಕಾವಲಿ ಬೋರಯ್ಯ, ಕಾವಲಿ ಲಕ್ಷ್ಮಯ್ಯ ಸಹೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಊರೂರು ತಿರುಗಿದರು. ಶಾನುಭೋಗರು, ಪಟೇಲರು, ಪೂಜಾರಿಗಳು, ಹಿರಿಯರು ಸೇರಿದ ಕಡೆ ಕುಳಿತು ಪ್ರಶ್ನೆ ಕೇಳಿ ಬರೆದುಕೊಂಡರು. ಹೀಗೆ ತಯಾರಾದ ಊರಿನ ವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು. ಸರ್ವೆಯ ಕಾಗದಕ್ಕಾಗಿ ನಡೆದಿದ್ದರೂ ಅವು ಊರ ಜನ ತಮ್ಮ ಊರಿನ ಬಗ್ಗೆ ತಾವೇ ಕುಳಿತು ಮಾತಾಡಿದ ಸಭೆಗಳು.

1804ರಲ್ಲಿ ಮೆಕೆಂಜಿ ಕನಕಗಿರಿಗೆ ಬಂದು ಸ್ಥಳದ ಹಳೆಯ ಕಥೆಯನ್ನು ವಿಚಾರಿಸಿದರು. ದೇವಚಂದ್ರರು ಅಣ್ಣನ ‘ಪೂಜ್ಯಪಾದ ಚರಿತೆ’ಯನ್ನು ಅವರ ಮುಂದಿಟ್ಟರು. ಬಳಿಕ ಕೆಲವು ಕಾಲ ಮೆಕೆಂಜಿಯವರ ಜೊತೆಯಲ್ಲಿದ್ದು, ತಮಗೆ ತಿಳಿದಿದ್ದ ಪ್ರಾಚೀನ ವೃತ್ತಾಂತಗಳನ್ನು ಹೇಳಿದರು. ಇವನ್ನೆಲ್ಲ ಒಂದು ಕಡೆ ಬರೆಯಬೇಕೆಂಬ ಪ್ರೇರಣೆ ಅವರಿಗೆ ಬಂದದ್ದು ಅಲ್ಲಿಂದಲೇ.

ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಪ್ರಶ್ನೆ ಕೇಳಿದವರು ಮುಂದಿನ ಊರಿಗೆ ಹೋದರು. ಮೈಸೂರಿನ ಸರ್ವೆ ಮುಗಿಯಿತು. 1809ರಲ್ಲಿ ಏಷ್ಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಜೈನರ ಕುರಿತು ಮೆಕೆಂಜಿ ಸಂಗ್ರಹಿಸಿದ ವಿವರಗಳು ಅಚ್ಚಾದವು. 1816ರಲ್ಲಿ ಮದರಾಸಿನಲ್ಲಿ ಚಿತ್ರಕಾರ ಥಾಮಸ್ ಹಿಕಿ ಬರೆದ ವರ್ಣಚಿತ್ರದಲ್ಲಿ ಕೆಂಪು ಅಂಗಿಯ ಮೆಕೆಂಜಿ, ಅವರ ಸುತ್ತ ಮೂವರು ಭಾರತೀಯ ಸಹಾಯಕರು, ಒಬ್ಬರ ಕೈಯಲ್ಲಿ ಓಲೆಗ್ರಂಥ, ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ ಕಾಣುತ್ತವೆ. 1821ರಲ್ಲಿ ಮೆಕೆಂಜಿ ತೀರಿಕೊಂಡರು. ಅವರು ಕೂಡಿಟ್ಟಿದ್ದ 1,568 ಹಸ್ತಪ್ರತಿಗಳು, 8,076 ಶಾಸನ ಪ್ರತಿಗಳು ಕಂಪನಿಯ ಪಾಲಾಗಿ, ಸಂಗ್ರಹದ ಭಾಗಗಳು ಇಂದು ಲಂಡನ್ನಿನಲ್ಲಿಯೂ ಚೆನ್ನೈನಲ್ಲಿಯೂ ಇವೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು.

ಕೇಳಿದವರು ಇಲ್ಲವಾದ ಮೇಲೂ ದೇವಚಂದ್ರರು ಉತ್ತರ ಬರೆಯುವುದನ್ನು ಬಿಡಲಿಲ್ಲ. ಇದು ಅವರ ಜೀವನದ ಮುಖ್ಯ ಸಂಗತಿ.

ಮೂವತ್ತನಾಲ್ಕು ವರ್ಷಗಳ ಉತ್ತರ

‘ರಾಜಾವಳೀಕಥೆ’ ಮುಗಿದದ್ದು 1838ರಲ್ಲಿ. ಆ ಹೊತ್ತಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಪ್ಪಿ ಏಳು ವರ್ಷಗಳಾಗಿದ್ದವು. 1831ರಿಂದ ಬ್ರಿಟಿಷ್ ಕಮಿಷನರುಗಳೇ ಆಳುತ್ತಿದ್ದರು. ಅಂಥ ಕಾಲದಲ್ಲಿ ಈ ಗ್ರಂಥವನ್ನು ಬರೆಸಿದವರು ಮೈಸೂರು ರಾಜಮನೆತನದ ದೇವೀರಮ್ಮಣ್ಣಿಯವರು. ಸಾವಿರ ವರ್ಷದ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಯವರು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಜೈನ ಪರಂಪರೆಯ ಕೊನೆಯ ಹಳೆಯ ಗ್ರಂಥಗಳಲ್ಲಿ ಒಂದಾದ ಇದಕ್ಕೂ ಒಬ್ಬ ಹೆಣ್ಣುಮಗಳೇ ಆಸರೆಯಾದರು ಎಂಬುದನ್ನು ಅದರ ಜೊತೆಗೆ ನೆನೆಯಬೇಕು.

ಗ್ರಂಥ ಬಹುಮಟ್ಟಿಗೆ ಗದ್ಯದಲ್ಲಿದೆ. ತೀರ್ಥಂಕರರ ಕಾಲದಿಂದ ಹೊರಟು ಮೈಸೂರು ಅರಸರವರೆಗೆ ಬರುತ್ತದೆ. ನಡುವೆ ಆಚಾರ್ಯರು, ಕವಿಗಳು, ಅರಸರು, ಪಂಗಡಗಳು, ಊರುಗಳ ಕಥೆಗಳು ತುಂಬಿಕೊಂಡಿವೆ. ಇದಲ್ಲದೆ ನಾಗಚಂದ್ರನ ಪಂಪರಾಮಾಯಣದ ಹಾದಿಯಲ್ಲಿ ‘ರಾಮಕಥಾವತಾರ’ ಎಂಬ ಜೈನ ರಾಮಾಯಣವನ್ನೂ ದೇವಚಂದ್ರರು ಬರೆದಿದ್ದಾರೆ. ಆದರೆ ಅವರ ಹೆಸರನ್ನು ಉಳಿಸಿದ್ದು ‘ರಾಜಾವಳೀಕಥೆ’.

ಕಂತಿಯ ಕಥೆಯನ್ನೇ ನೋಡಬಹುದು. ಮಂದಬುದ್ಧಿಯ ಶಿಷ್ಯರಿಗಾಗಿ ಸಿದ್ಧಪಡಿಸಿದ್ದ ಜ್ಯೋತಿಷ್ಮತಿ ತೈಲವನ್ನು ಹುಡುಗಿಯೊಬ್ಬಳು ಕುಡಿದು, ಮೈಯ ಉರಿ ತಾಳಲಾರದೆ ಬಾವಿಗೆ ಇಳಿದು, ಅಲ್ಲಿಂದಲೇ ಕವಿತೆ ಕಟ್ಟಿ ಹೇಳಲು ಆರಂಭಿಸಿದಳಂತೆ. ಹೊಯ್ಸಳರ ಆಸ್ಥಾನದಲ್ಲಿ ನಾಗಚಂದ್ರನ ಸಮಸ್ಯೆಗಳಿಗೆ ಸಮನಾಗಿ ಉತ್ತರ ಕೊಟ್ಟಳಂತೆ. ಈ ಕಥೆಯನ್ನು ನಮಗೆ ಹೇಳಿದವರು ದೇವಚಂದ್ರರು. ಕಂತಿ ನಿಜವಾಗಿ ಇದ್ದಳೇ ಎಂದು ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೆ ಕನ್ನಡದ ಮೊದಲ ಕವಯಿತ್ರಿ ಯಾರು ಎಂಬ ಚರ್ಚೆ ಇಂದಿಗೂ ಈ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಶ್ರವಣಬೆಳಗೊಳದ ಚರ್ಚೆಯಲ್ಲಿ

ದೇವಚಂದ್ರರು ತೀರಿಕೊಂಡು ಅರ್ಧ ಶತಮಾನ ಕಳೆಯುವ ಹೊತ್ತಿಗೆ ಅವರ ಗ್ರಂಥ ಒಂದು ದೊಡ್ಡ ವಾದದ ನಡುವೆ ಬಂತು. ಶಾಸನತಜ್ಞ ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ, ಶ್ರುತಕೇವಲಿ ಭದ್ರಬಾಹು ಮತ್ತು ಮೌರ್ಯ ಚಂದ್ರಗುಪ್ತರ ಕಥೆಗೆ ‘ರಾಜಾವಳೀಕಥೆ’ಯನ್ನು ಬಳಸಿಕೊಂಡರು. ಪಾಟಲಿಪುತ್ರದ ಚಂದ್ರಗುಪ್ತನು ಹದಿನಾರು ಕನಸು ಕಂಡದ್ದು, ಭದ್ರಬಾಹು ಅವುಗಳ ಫಲ ಹೇಳಿದ್ದು, ಹನ್ನೆರಡು ವರ್ಷದ ಕ್ಷಾಮ, ಹನ್ನೆರಡು ಸಾವಿರ ಶಿಷ್ಯರೊಂದಿಗೆ ದಕ್ಷಿಣಕ್ಕೆ ಬಂದದ್ದು, ಗುರುವಿನ ಕೊನೆಗಾಲದಲ್ಲಿ ಚಂದ್ರಗುಪ್ತನು ಸೇವೆಗೆ ನಿಂತದ್ದು ಎಲ್ಲವೂ ಅದರಲ್ಲಿ ಕ್ರಮವಾಗಿ ಇದ್ದವು.

ಜೆ. ಎಫ್. ಫ್ಲೀಟ್ ಅವರು ಇದನ್ನು ಒಪ್ಪಲಿಲ್ಲ. ತೀರಾ ಈಚಿನ ಕಾಲದ ಗ್ರಂಥವೊಂದನ್ನು ಎರಡು ಸಾವಿರ ವರ್ಷ ಹಿಂದಿನ ಘಟನೆಗೆ ಆಧಾರವಾಗಿ ಹಿಡಿಯಲಾಗದು ಎಂಬುದು ಅವರ ವಾದ. 1923ರಲ್ಲಿ ಶಾಸನ ಸಂಪುಟವನ್ನು ಪರಿಷ್ಕರಿಸಿದ ಆರ್. ನರಸಿಂಹಾಚಾರ್ಯರು ಹಳೆಯ ಆಧಾರಗಳನ್ನೆಲ್ಲ ಒಂದೆಡೆ ಸೇರಿಸಿ, ಪರಂಪರೆಯನ್ನು ಸುಲಭವಾಗಿ ತಳ್ಳಿಹಾಕಲಾಗದು ಎಂದು ತೋರಿಸಿದರು. ಚಂದ್ರಗಿರಿಯ ಮೇಲಿನ ಸುಮಾರು ಕ್ರಿ.ಶ. 600ರ ಶಾಸನ ಭದ್ರಬಾಹು ಎಂಬ ಆಚಾರ್ಯರು ಕ್ಷಾಮದ ಮುನ್ಸೂಚನೆ ಕೊಟ್ಟದ್ದನ್ನೂ ಸಂಘ ದಕ್ಷಿಣಕ್ಕೆ ಬಂದದ್ದನ್ನೂ ಹೇಳುತ್ತದೆ. ಹರಿಷೇಣನ ಬೃಹತ್ಕಥಾಕೋಶ ಕ್ರಿ.ಶ. 931ರದ್ದು. ಇವುಗಳ ಸಾಲಿನಲ್ಲಿ ದೇವಚಂದ್ರರದು ಬಹಳ ತಡವಾಗಿ ಬಂದ ದನಿ.

ಆ ದನಿಯಲ್ಲಿ ತೊಡಕುಗಳೂ ಇವೆ. ಉದಾಹರಣೆಗೆ, ಚಂದ್ರಗುಪ್ತನು ಸಿಂಹಸೇನನೆಂಬ ಮಗನಿಗೆ ರಾಜ್ಯ ಬಿಟ್ಟುಕೊಟ್ಟನೆಂದು ದೇವಚಂದ್ರರು ಬರೆಯುತ್ತಾರೆ. ಇತರ ಆಧಾರಗಳ ಪ್ರಕಾರ ಮಗನ ಹೆಸರು ಬಿಂದುಸಾರ. ಕಾಲದ ಲೆಕ್ಕ ಹಲವು ಕಡೆ ಹೊಂದುವುದಿಲ್ಲ. ಇದನ್ನು ಹೇಳಿದರೆ ಅವರ ಗೌರವ ಕಡಿಮೆಯಾಗುವುದಿಲ್ಲ. ತಮ್ಮ ಕಾಲದಲ್ಲಿ ಜನ ಏನನ್ನು ನಂಬಿದ್ದರು, ಏನನ್ನು ನೆನಪಿಟ್ಟಿದ್ದರು ಎಂಬುದಕ್ಕೆ ಅವರು ದೊಡ್ಡ ಸಾಕ್ಷಿ. ನಡೆದದ್ದಕ್ಕೆ ಸಾಕ್ಷಿ ಶಾಸನದಲ್ಲಿ ಹುಡುಕಬೇಕು. ನೆನಪಿನಲ್ಲಿ ಉಳಿದದ್ದಕ್ಕೆ ಸಾಕ್ಷಿ ದೇವಚಂದ್ರರಲ್ಲಿ ಸಿಗುತ್ತದೆ.

ನೆರೆಹೊರೆಯವರ ಮುಂದೆ ಓದುವಾಗ

‘ರಾಜಾವಳೀಕಥೆ’ಯನ್ನು ಬಸದಿಯ ಅಂಗಳದಲ್ಲಿ ನಾವೇ ನಾವಾಗಿ ಓದುವುದು ಸುಲಭ. ಎಲ್ಲ ಸಮಾಜದವರೂ ಬರುವ ಗ್ರಂಥಾಲಯದಲ್ಲಿ ಓದುವಾಗ ಇನ್ನೊಂದು ಎಚ್ಚರ ಬೇಕಾಗುತ್ತದೆ. ದೇವಚಂದ್ರರು ಬರೆದದ್ದು ಜೈನ ದೃಷ್ಟಿಯಿಂದ. ಇತರ ಪಂಗಡಗಳ ಹುಟ್ಟಿನ ಬಗ್ಗೆ ಅವರು ಹೇಳುವ ಕಥೆಗಳು ಆ ಪಂಗಡದವರು ಒಪ್ಪುವಂಥವಲ್ಲ.

ಈ ಸೀಮೆಗೆ ಹತ್ತಿರದ ಪ್ರಸಂಗವೂ ಒಂದಿದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಮಂತ್ರಿ ಯಳಂದೂರಿನ ವಿಶಾಲಾಕ್ಷ ಪಂಡಿತರು ಜೈನರು. ಚಿಕ್ಕದೇವರಾಜರು ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಇದ್ದಾಗಿನಿಂದ ಅವರಿಬ್ಬರದು ಸ್ನೇಹವೆಂದು ಹೇಳಲಾಗುತ್ತದೆ. ಮುಂದೆ ಕಂದಾಯದ ವಿರುದ್ಧ ರೈತರು ಎದ್ದದ್ದು, ಜಂಗಮರ ಮೇಲೆ ನಡೆದ ಕ್ರೂರ ಹಿಂಸೆ, ವಿಶಾಲಾಕ್ಷ ಪಂಡಿತರ ಕೊಲೆ ಈ ಸೀಮೆಯ ಇತಿಹಾಸದ ನೋವಿನ ಪುಟಗಳು. ಇಂಗ್ಲಿಷರಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ಬರೆದರು, ಕನ್ನಡದಲ್ಲಿ ದೇವಚಂದ್ರರೂ ಬರೆದರು. ನಡೆದದ್ದು ಎಷ್ಟು, ಬೆಳೆದದ್ದು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಜೈನ ಮಂತ್ರಿಯೊಬ್ಬರ ಹೆಸರು ಸೇರಿಕೊಂಡಿದ್ದ ಪ್ರಸಂಗವನ್ನು ಜೈನ ಕವಿಯೊಬ್ಬರು ಮುಚ್ಚಿಡಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಇಂಥ ಪುಟವನ್ನು ವೀರಶೈವ ನೆರೆಯವರ ಜೊತೆಯಲ್ಲೇ ಕುಳಿತು ಓದಿದಾಗ ಅವರ ಮನೆಗಳಲ್ಲಿ ಉಳಿದಿರುವ ಕಥೆಯೂ ಕೇಳಿಸುತ್ತದೆ. ಒಬ್ಬರ ಕಥೆಯನ್ನು ಇನ್ನೊಬ್ಬರು ಸಮಾಧಾನದಿಂದ ಕೇಳುವುದಕ್ಕೆ ಗ್ರಂಥಾಲಯಕ್ಕಿಂತ ತಕ್ಕ ಜಾಗ ಊರಿನಲ್ಲಿ ಬೇರೆ ಇರಲಾರದು.

ಅಚ್ಚಿಗೆ ಬಂದದ್ದು

ದೇವಚಂದ್ರರು 1841ರಲ್ಲಿ ನಿಧನರಾದರು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂಲಕ ಅವರ ಜೀವನದ ವಿವರ ಕನ್ನಡ ಓದುಗರಿಗೆ ತಲುಪಿತು. ‘ರಾಜಾವಳೀಕಥೆ’ಯನ್ನು ಬಿ. ಎಸ್. ಸಣ್ಣಯ್ಯನವರು ಸಂಪಾದಿಸಿದರು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1988ರಲ್ಲಿ ಅದನ್ನು ಪ್ರಕಟಿಸಿತು. ಬರೆದು ಮುಗಿಸಿ ಸರಿಯಾಗಿ ನೂರೈವತ್ತು ವರ್ಷ. ಅಷ್ಟು ಕಾಲ ಅದು ಓಲೆಯಲ್ಲಿಯೂ ಕೈಬರಹದ ಪ್ರತಿಗಳಲ್ಲಿಯೂ ಉಳಿದುಬಂದದ್ದು ಅದನ್ನು ಕಾಪಾಡಿದವರ ಶ್ರದ್ಧೆಯಿಂದ. ಅಂಥ ಶ್ರದ್ಧೆ ಸಿಗದೆ ಗೆದ್ದಲು ಹಿಡಿದುಹೋದ ಓಲೆಗಟ್ಟುಗಳ ನೆನಪು ಎಷ್ಟೋ ಹಳೆಯ ಮನೆಗಳಲ್ಲಿ ಇಂದಿಗೂ ಇದೆ.

ಪೃಚ್ಛನಾ: ಕೇಳುವುದೂ ತಪಸ್ಸು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯ ಬಂದಲ್ಲಿ ಕೇಳುವುದು, ಮನನ ಮಾಡುವುದು, ಮತ್ತೆ ಮತ್ತೆ ಹೇಳಿ ಗಟ್ಟಿ ಮಾಡಿಕೊಳ್ಳುವುದು, ಇತರರಿಗೆ ತಿಳಿಸುವುದು. ಸ್ವಾಧ್ಯಾಯ ಆರು ಅಭ್ಯಂತರ ತಪಸ್ಸುಗಳಲ್ಲಿ ಒಂದು. ಆದ್ದರಿಂದ ಪ್ರಶ್ನೆ ಕೇಳುವುದಕ್ಕೆ ನಮ್ಮಲ್ಲಿ ತಪಸ್ಸಿನ ಸ್ಥಾನವೇ ಇದೆ. ಇದಕ್ಕೆ ಸರ್ವಾರ್ಥಸಿದ್ಧಿಯಲ್ಲಿ ವಿವರಣೆ ಬರೆದವರು ಕನಕಗಿರಿಯ ಬೆಟ್ಟದೊಂದಿಗೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದರೇ.

ನಮ್ಮ ಉಪನ್ಯಾಸಗಳಲ್ಲಿ ವಾಚನಾ ಮತ್ತು ಧರ್ಮೋಪದೇಶ ಚೆನ್ನಾಗಿಯೇ ನಡೆಯುತ್ತವೆ. ಬಿಟ್ಟುಹೋಗಿರುವುದು ನಡುವಿನ ಪೃಚ್ಛನಾ. ಒಬ್ಬರು ಒಂದು ಗಂಟೆ ಮಾತಾಡುತ್ತಾರೆ, ಹಾರ ಹಾಕುತ್ತೇವೆ, ವಂದನಾರ್ಪಣೆಯಾಗುತ್ತದೆ, ಎದ್ದು ಬರುತ್ತೇವೆ. 1804ರಲ್ಲಿ ಕನಕಗಿರಿಯಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಕೇಳಲು ಬಂದವರು ಹೆಚ್ಚು ಮಾತಾಡಲಿಲ್ಲ. ಊರಿನವರು ಹೇಳಿದರು, ಬರೆದರು.

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಇಂದು ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ. ಮೈಸೂರು–ಊಟಿ ಹೆದ್ದಾರಿಯ ಮೇಲಿರುವ ಬೇಗೂರಿನಂಥ ಹೋಬಳಿ ಕೇಂದ್ರದಲ್ಲಿ ಸುತ್ತಲಿನ ಹಳ್ಳಿಗಳ ಜನ ಒಂದಲ್ಲ ಒಂದು ಕೆಲಸಕ್ಕೆ ಬಂದೇ ಬರುತ್ತಾರೆ. ಅಂಥ ಕಡೆ ದೇವಚಂದ್ರರ ಹೆಸರಿನಲ್ಲಿ ಒಂದು ಸಂಜೆ ಕೂಡುವುದಾದರೆ ಹೆಚ್ಚಿನ ಖರ್ಚೇನೂ ಬೇಕಿಲ್ಲ. ‘ರಾಜಾವಳೀಕಥೆ’ಯ ಒಂದು ಕಥೆಯನ್ನು ಅರ್ಧ ಗಂಟೆ ಓದಬಹುದು. ಅದರಲ್ಲಿ ಶಾಸನದ ಬೆಂಬಲ ಇರುವುದು ಯಾವುದು, ಕಥೆಯಾಗಿ ಬೆಳೆದದ್ದು ಯಾವುದು ಎಂದು ತಿಳಿದವರೊಬ್ಬರು ವಿವರಿಸಬಹುದು. ಉಳಿದ ಹೊತ್ತನ್ನು ಕೇಳುವುದಕ್ಕೆ ಬಿಡಬೇಕು. ಬಂದ ಹಿರಿಯರನ್ನು ಅವರ ಊರಿನ ಹಳೆಯ ಹೆಸರು, ಪಾಳುಬಿದ್ದ ಗುಡಿ ಬಸದಿ, ಹೊಲದ ನಡುವಿನ ಬರಹದ ಕಲ್ಲು, ವಲಸೆ ಬಂದ ಮನೆತನ, ಬರಗಾಲದ ನೆನಪು ಇವುಗಳ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಗ್ರಂಥಾಲಯದಲ್ಲೇ ಇಡಬೇಕು. ಆ ಕೊನೆಯ ಪ್ರತಿ ಇಲ್ಲದಿದ್ದರೆ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಇಂದು ಪುಸ್ತಕ ಅಚ್ಚು ಹಾಕಿಸಿ ಹಂಚುವುದೊಂದೇ ದಾರಿಯಲ್ಲ. ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಇರುವುದನ್ನು ಕೇಳಿ ಬರೆದಿಡುವುದೂ ಅದೇ ದಾನ. ದೇವಚಂದ್ರರಿಗೆ ದೊಡ್ಡ ಆಸ್ಥಾನ ಇರಲಿಲ್ಲ, ಶಿಷ್ಯರ ಸಾಲು ಇರಲಿಲ್ಲ, ತಮ್ಮ ಗ್ರಂಥ ಅಚ್ಚಾಗುವುದನ್ನು ನೋಡುವ ಭಾಗ್ಯವೂ ಇರಲಿಲ್ಲ. ಹಾಗಿದ್ದೂ ಅವರು ಬರೆದಿಟ್ಟಿದ್ದರಿಂದ ಶ್ರವಣಬೆಳಗೊಳದ ಚರ್ಚೆಗೆ, ಕಂತಿಯ ಹೆಸರಿಗೆ, ಮೈಸೂರು ಸೀಮೆಯ ಇತಿಹಾಸಕ್ಕೆ ಒಂದು ಆಧಾರ ಉಳಿಯಿತು. ನಮ್ಮ ಮನೆಗಳ ಹಿರಿಯರನ್ನು ಕೇಳುವುದಕ್ಕೆ ಮೆಕೆಂಜಿಯಂಥ ಪರಸ್ಥಳದವರು ಬರಲಿ ಎಂದು ಕಾಯಬೇಕಾಗಿಲ್ಲ. ಆ ಕೆಲಸವನ್ನು ಮನೆಯ ಮಕ್ಕಳೇ ಮಾಡಬಹುದು, ಹಿರಿಯರು ನಮ್ಮ ನಡುವೆ ಇರುವಾಗಲೇ.